ನಡುವೆ ಹಾಸಿದ ಗೋಣಿತಟ್ಟು

ನಾನು ಒಂದು ಗೋಣಿತಟ್ಟು. ಹುಟ್ಟಿದ್ದು ಎಲ್ಲೋ ದೂರದ ಸೆಣಬಿನ ಗಿರಣಿಯಲ್ಲಿ. ಆಗ ನಾನು ಚೀಲ, ನನಗೂ ಒಂದು ಬಾಯಿತ್ತು. ಹೊಟ್ಟೆ ತುಂಬ ತೊಗರಿ ಹೊತ್ತು ಕಲಬುರಗಿಯ ಬೇಳೆ ಗಿರಣಿಗೆ ಬಂದೆ. ಅಲ್ಲಿ ಹಮಾಲರ ಕೊಕ್ಕೆಗೆ ಸಿಕ್ಕಿ ನನ್ನ ಪಕ್ಕೆ ಹರಿಯಿತು. ಹರಿದ ಚೀಲಕ್ಕೆ ಗಿರಣಿಯಲ್ಲಿ ಜಾಗವಿಲ್ಲ. ಹರಿದ ಮನುಷ್ಯರಿಗೆ ಇದೆ, ಅವರನ್ನು ದಿನಗೂಲಿಗಳು ಎನ್ನುತ್ತಾರೆ.

ಅಂಥವರಲ್ಲಿ ಒಬ್ಬಳು ರಾಹೇಲವ್ವ, ಹೊಟ್ಟು ತೂರುವವಳು. ಮೂಲೆಗೆ ಬಿದ್ದಿದ್ದ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ತನ್ನೂರಿನ ಕೇರಿಗೆ ತಂದಳು. ಹೊಲಿಗೆ ಬಿಚ್ಚಿ, ಝಾಡಿಸಿ, ಮಡಿಸಿ ನೆಲಕ್ಕೆ ಹಾಸಿದಳು. ಮೇಲೆ ಪ್ರಾರ್ಥನೆಗೆ ಮೊಣಕಾಲೂರಿದಳು.

ಕೇರಿಯ ಮೊಣಕಾಲುಗಳಿಗೆ ಬಗ್ಗುವುದು ಹೊಸದಲ್ಲ. ಕಳೆ ಕೀಳಲು ಬಗ್ಗಿದ್ದವು, ಗೌಡರ ಅಂಗಳದಲ್ಲಿ ಬೈಗುಳ ಕೇಳಲು ಬಗ್ಗಿದ್ದವು. ಯಾರ ಅಪ್ಪಣೆಯೂ ಇಲ್ಲದೆ, ತಾವಾಗಿ ಬಗ್ಗಿದ್ದು ನನ್ನ ಮೇಲೆ ಮಾತ್ರ.

ಕೆಳಗಿದ್ದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಮೊಣಕಾಲ ಭಾರದಿಂದಲೇ ಯಾರ ಹೆಸರು ಬಂತೆಂದು ತಿಳಿಯುತ್ತಿದ್ದೆ. ಕೆಮ್ಮುವ ಕೂಸಿಗಾಗಿ ಬೇಡುವಾಗ ಪೂರ್ತಿ ಮುಂದೆ ಬಾಗುತ್ತಿದ್ದಳು. ಕುಡುಕ ತಮ್ಮನ ಹೆಸರು ಬಂದರೆ ಬಲಗಾಲು ಸಿಟ್ಟಿನಿಂದ ಕದಲುತ್ತಿತ್ತು. ತನಗಾಗಿ ಏನನ್ನೂ ಕೇಳುತ್ತಿರಲಿಲ್ಲ. "ನನ್ನ ಕಾಲನೋವು ಅವನಿಗಿ ಮ್ಯಾಲಿಂದ ಕಾಣ್ತದ. ಅದನ್ನೇನ್ ಬಿಡಿಸಿ ಹೇಳಾದು," ಎನ್ನುತ್ತಿದ್ದಳು.

ಕೇರಿಯ ಕ್ರೈಸ್ತ ಸಭೆಯ ಪಾಸ್ಟರ್ ಸತ್ಯಮಿತ್ರ ಒಂದು ದಿನ ಇದಕ್ಕೊಂದು ಹೆಸರಿಟ್ಟರು. "ರಾಹೇಲವ್ವಾ, ನೀ ಮಾಡೋದಕ್ಕ ಮಧ್ಯಸ್ಥಿಕೆ ಪ್ರಾರ್ಥನಾ ಅಂತಾರ."

ಎಡವಟ್ಟಾದದ್ದು ಆ ಮಾತಿನಿಂದಲೇ. ಮನುಷ್ಯರ ಪರವಾಗಿ ದೇವರ ಮುಂದೆ ನಿಲ್ಲುವುದು ಎಂಬುದು ಪಾಸ್ಟರ ಅರ್ಥ. ರಾಹೇಲವ್ವನಿಗೆ ಗೊತ್ತಿದ್ದ ಮಧ್ಯಸ್ಥನೆಂದರೆ ಬದುವಿನ ಜಗಳ ಬಿಡಿಸುವವನು. ಅವನು ಎರಡೂ ಕಡೆಯವರನ್ನು ಕೂರಿಸಿ ಮಾತಾಡಬೇಕು. ಹಾಗಾಗಿ ಅಂದಿನಿಂದ ಅವಳು ಸೊಸೆಯ ಹೆಸರಿನ ಜೊತೆ ಅತ್ತೆಯದನ್ನೂ, ಪೆಟ್ಟು ತಿಂದವಳ ಜೊತೆ ಹೊಡೆದವನದನ್ನೂ ಹೇಳತೊಡಗಿದಳು. ಪಾಸ್ಟರ್ ನಕ್ಕರು, ತಿದ್ದಲು ಹೋಗಲಿಲ್ಲ.

ಆಮೇಲೆ ಎಲೀಷನ ಸಂಗತಿ ಬಂತು. ಅವನು ಪಕ್ಕದ ಮನೆಯ ಸುವಾರ್ತಮ್ಮನ ಒಬ್ಬನೇ ಮಗ. ಆ ಊರಲ್ಲಿ ಕೇರಿಯ ಹೆಣ ದೊಡ್ಡ ಬೀದಿಯಲ್ಲಿ ಹೋಗುವಂತಿರಲಿಲ್ಲ, ಹಿಂದಿನ ಹಳ್ಳದ ಕೆಸರು ತುಳಿಯಬೇಕು. ಅಜ್ಜಿ ಸತ್ತಾಗ ಎಲೀಷ ಆಕೆಯ ಶವಪೆಟ್ಟಿಗೆಯನ್ನು ದೊಡ್ಡ ಬೀದಿಯಲ್ಲೇ ಒಯ್ದ. ಕೋಲು ಹಿಡಿದು ತನ್ನನ್ನು ಹೊಡೆಯಲು ಬಂದನೆಂದು ಬಸಲಿಂಗಗೌಡ ದೂರು ಕೊಟ್ಟ. ಎಲೀಷ ಜೈಲು ಸೇರಿದ.

ಸುವಾರ್ತಮ್ಮ ಅಳುತ್ತ ಬಂದಳು. ಇಬ್ಬರಿಗೂ ಸಾಲಲೆಂದು ರಾಹೇಲವ್ವ ನನ್ನ ಒಂದು ಮಡಿಕೆ ಬಿಚ್ಚಿದಳು. ಎಲೀಷನ ಬಿಡುಗಡೆಗಾಗಿ ಬೇಡಿದಳು. ಆಮೇಲೆ ರೂಢಿಯಂತೆ, "ಬಸಲಿಂಗಗೌಡರಿಗೂ..." ಎಂದಳು.

ನನ್ನ ಎಡಬದಿ ಒಮ್ಮೆಲೆ ಹಗುರಾಯಿತು. ಸುವಾರ್ತಮ್ಮ ಎದ್ದು ನಿಂತಿದ್ದಳು.

"ಯಕ್ಕಾ, ನೀ ಯಾರ ಕಡಿ ಇದ್ದಿ?"

"ನಿನ್ನ ಕಡೀನೇ ಇದ್ದೀನಿ ತಂಗಿ. ಆದ್ರ ಮಧ್ಯಸ್ಥಿಕಿ ಅಂದಮ್ಯಾಲ..."

"ಗೌಡರ ಮನ್ಯಾಗ ಸೀರಿ ಕೊಡ್ತಾರಂತ, ಹೋಗು. ನನ್ನ ಮಗನ ಹೆಸರು ಆ ಹೆಸರಿನ ಬಾಜೂಕ ಇಡಬ್ಯಾಡ."

ಆಕೆ ಹೋದಳು, ಮತ್ತೆ ಬರಲಿಲ್ಲ. ರಾಹೇಲವ್ವ ನನ್ನ ಬಿಚ್ಚಿದ ಮಡಿಕೆಯನ್ನು ಹಾಗೇ ಬಿಟ್ಟು, ಒಂದು ಬದಿಗೆ ಕೂತು ಬೇಡುತ್ತಿದ್ದಳು. ಒಂದು ಬೆಳಿಗ್ಗೆ ಗೌಡನ ಹೆಸರು ಗಂಟಲಲ್ಲೇ ನಿಂತುಬಿಟ್ಟಿತು. ಎಷ್ಟು ಸಲ ಮೊದಲಿಂದ ಶುರುಮಾಡಿದರೂ ಅಷ್ಟೇ. ಕಡೆಗೆ ಎದ್ದು, ನನ್ನನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ದೊಡ್ಡ ಬೀದಿಯಲ್ಲಿ, ಗೌಡನ ಕಟ್ಟೆಯೆದುರು ನನ್ನನ್ನು ಹಾಸಿದಳು. ಗೌಡ ಚಹಾ ಕುಡಿಯುತ್ತಿದ್ದ.

"ಏನಬೇ ರಾಹೇಲಿ, ಭಿಕ್ಷಾ ಬೇಡಾಕ ಬಂದಿ?"

"ಇಲ್ರೀ ಗೌಡ್ರ. ದಿನಾ ದೇವರ ಮುಂದ ನಿಮ್ಮ ಹೆಸರು ಹೇಳ್ತಿದ್ದೆ. ಇವತ್ತ ಬಾಯಾಗ ಬರವಲ್ದು. ನಿಮ್ಮ ಮುಂದಾದ್ರೂ ಬರ್ತದೇನಂತ ನೋಡಾಕ ಬಂದೀನಿ."

ಅಲ್ಲೇ ಮೊಣಕಾಲೂರಿದಳು. ಬೀದಿಯ ಹರಳು ನನ್ನ ಬೆನ್ನಿಗೆ ಚುಚ್ಚಿದವು. ಬೀದಿಗೆಲ್ಲ ಕೇಳುವಂತೆ ಪ್ರಾರ್ಥಿಸಿದಳು.

"ಸ್ವಾಮಿ, ಎಲೀಷನ ಕೈಯಾಗ ಕೋಲಿರಲಿಲ್ಲ. ಎರಡೂ ಕೈ ಅಜ್ಜಿ ಪೆಟ್ಟಗಿ ಕೆಳಗಿದ್ದವು. ಗೌಡ್ರು ನೋಡ್ಯಾರ. ಅವರ ಕಣ್ಣು ಕಂಡದ್ದು ಅವರ ಬಾಯಿ ಹೇಳೂವಂಗ ಮಾಡು. ಸುಳ್ಳಿನ ಭಾರದಾಗ ಅವರನ್ನ ಸಾಯಗೊಡಬ್ಯಾಡ."

"ಎಬ್ಬಿಸ್ರೋ ಈಕಿನ್ನ," ಎಂದ ಗೌಡ. ಯಾರೂ ಕದಲಲಿಲ್ಲ. ಗೌಡನ ಒಳಿತಿಗಾಗಿ ಬೇಡುತ್ತಿರುವವಳನ್ನು ಗೌಡನ ಆಳು ಹೇಗೆ ತಾನೇ ಎಬ್ಬಿಸಿಯಾನು? ಆ ಕೇಸಿಗೆ ಗೌಡನ ಪರ ಸಾಕ್ಷಿ ಎಂದು ಹೆಸರು ಬರೆಸಿಕೊಂಡಿದ್ದ ಆಳು ಹಣಮಂತ, ಎತ್ತಿಗೆ ನೀರು ಕುಡಿಸುವುದನ್ನು ಬಿಟ್ಟು ನಿಂತಿದ್ದ.

ಮರುದಿನವೂ ಹೋದೆವು. ಅದರ ಮರುದಿನವೂ. ನಂತರದ ಒಂದು ಬೆಳಿಗ್ಗೆ ನನ್ನ ಎಡಬದಿಗೆ ಪರಿಚಯದ ಭಾರವೊಂದು ಬಿತ್ತು. ಸುವಾರ್ತಮ್ಮ ಬಂದಿದ್ದಳು, ಹಿಂದೆ ಕೇರಿಯ ಹೆಂಗಸರಿದ್ದರು. "ಒಂದೀಟು ಆಚಿ ಸರಿ ಯಕ್ಕಾ," ಎಂದಳಷ್ಟೇ. ಅಪ್ಪಣೆಯಿಲ್ಲದೆ ಬಗ್ಗಿದ ಮೊಣಕಾಲು ಬೀದಿಗೆ ಬಂದರೆ ಅದು ಧರಣಿಯೇ ಎಂದು ನನಗೆ ಅಂದು ತಿಳಿಯಿತು.

ಗೌಡನ ಬಾಯಿ ಕೊನೆಗೂ ತೆರೆಯಲಿಲ್ಲ. ತೆರೆದದ್ದು ಹಣಮಂತನ ಬಾಯಿ. ಕೋರ್ಟಿನಲ್ಲಿ ಅವನು, "ಕೋಲು ಇರಲಿಲ್ರಿ. ಪೆಟ್ಟಗಿ ಹಿಡಿದಿದ್ದ," ಎಂದನಂತೆ. ಎಲೀಷ ಮನೆಗೆ ಬಂದ. ಆಳಿನ ಕೆಲಸ ಕಳೆದುಕೊಂಡ ಹಣಮಂತನ ಹೆಸರನ್ನೂ ರಾಹೇಲವ್ವ ಪ್ರಾರ್ಥನೆಗೆ ಸೇರಿಸಿಕೊಂಡಳು.

ರಾಹೇಲವ್ವ ಈಗಿಲ್ಲ. ನಾನು ಸುವಾರ್ತಮ್ಮನ ಮನೆಯ ಮೂಲೆಯಲ್ಲಿದ್ದೇನೆ. ನನ್ನ ನಡುವೆ ಎರಡು ತೂತು ಬಿದ್ದಿವೆ, ಬೇಡಲು ಕೂತ ಸುವಾರ್ತಮ್ಮನ ಮೊಣಕಾಲು ನೇರ ನೆಲಕ್ಕೇ ತಾಗುತ್ತವೆ. ತೊಗರಿ ಹೊತ್ತದ್ದಕ್ಕಿಂತ ಜನರ ಹೆಸರು ಹೊತ್ತದ್ದೇ ನನಗೆ ಹೆಚ್ಚು ಭಾರವಾಗಿತ್ತು, ಅದೇ ಹೆಚ್ಚು ಹಿತವಾಗಿತ್ತು.

ಸುವಾರ್ತಮ್ಮ ದಿನವೂ ಕೇರಿಯ ಎಲ್ಲರ ಹೆಸರು ಹೇಳುತ್ತಾಳೆ. ಎಲ್ಲ ಮುಗಿದ ಮೇಲೂ ಏಳುವುದಿಲ್ಲ, ಹಲ್ಲು ಕಚ್ಚಿ ಕೂತಿರುತ್ತಾಳೆ. ಆಮೇಲೆ ಮೆಲ್ಲಗೆ ಹೇಳುತ್ತಾಳೆ:

"ಇನ್ನೊಬ್ಬಾಂವ ಇದ್ದಾನ ಸ್ವಾಮಿ. ಅವನ ಹೆಸರು ನಿನಗ ಗೊತ್ತದ."