ಯಜಮಾನನ ಮೊದಲ ಗುಟುಕು

ಹೊನ್ನಾವರದ ಕೊಬ್ಬರಿ ವ್ಯಾಪಾರಿ ಮಾಬ್ಲೇಶ್ವರ ಅರವತ್ತೆರಡು ವರ್ಷ ಬದುಕಿ ಹೆಂಡದ ಹನಿಯೊಂದನ್ನು ನಾಲಿಗೆಗೆ ತಾಗಿಸಿದವನಲ್ಲ. ಅಂಥವನು ದಿನವೂ ಕುಡಿಯದಿದ್ದರೆ ಪ್ರಾಣಕ್ಕೆ ಅಪಾಯವೆಂದು ಡಾಕ್ಟರರೊಬ್ಬರು ಬರೆದುಕೊಟ್ಟರು. ಕಾರವಾರದಿಂದ ಅದಕ್ಕೆ ಮೊಹರೂ ಬಿದ್ದು ಬಂತು. ೧೯೫೯ನೆಯ ಇಸವಿಯ ಚೈತ್ರದಲ್ಲಿ, ಮಗಳ ಮದುವೆಗೆ ಹೊಂದಿಸಬೇಕಾದ ಸಾಮಾನುಗಳಲ್ಲಿ ತಾಳಿ, ಸೀರೆ, ಕಾಲುಂಗುರಗಳ ಸಂಗಡ ಈ ಕಾಗದವೂ ಒಂದಾಗಿತ್ತು.

ಆದದ್ದು ಇಷ್ಟು. ಮಗಳು ಬಂಗಾರಿಯನ್ನು ಕೇಳಿಕೊಂಡು ಬಂದವರು ಕುಮಟೆಯ ಮರದ ನಾಟಾ ವ್ಯಾಪಾರಿ ಲಿಂಗಪ್ಪನವರು. ಅವರ ಮಗ ಪಾಂಡು ಬೊಂಬಾಯಿಯ ಕಂಪನಿಯಲ್ಲಿ ಗುಮಾಸ್ತ. ಧಾರೆ ಹೆಣ್ಣಿನ ಮನೆಯಲ್ಲೇ ಆಗಲಿ, ಮಾರನೆಯ ದಿನದ ಊಟ ಮಾತ್ರ ಕುಮಟೆಯಲ್ಲಿ ಮಹಾಗಣಪತಿಯ ಹೋಟೆಲಿನ ಮಾಳಿಗೆಯ ಮೇಲೆ ಆಗಬೇಕು, ಮೇಜು ಕುರ್ಚಿಯಲ್ಲಿ ಆಗಬೇಕು, ವೈನ್ ಇರಬೇಕು ಎಂದು ಲಿಂಗಪ್ಪ ಹೇಳಿದರು.

"ಪಾಂಡುವಿನ ಸಾಹೇಬರು ಬರ್ತಾರೆ. ಅವರ ಮುಂದೆ ನಾವು ಹಳ್ಳಿಯವರು ಅನ್ನಿಸಿಕೊಳ್ಳೂದು ಬೇಡ."

"ದಾರುಬಂದಿ ಉಂಟಲ್ಲ ಬೀಗರೇ, ಹೆಂಡ ಮುಟ್ಟೂ ಹಾಗಿಲ್ಲ," ಎಂದ ಮಾಬ್ಲೇಶ್ವರ.

"ಪರ್ಮಿಟ್ ಮಾಡಿಸಿದರೆ ಆತು. ಕುಡಿಯದೆ ಬದುಕೂದಿಲ್ಲ ಅಂತ ಡಾಕ್ಟರು ಬರೆದುಕೊಟ್ಟರೆ ಸರಕಾರವೇ ಕೊಡ್ತದೆ. ನಿಮ್ಮ ಹೆಸರಿಗೇ ಮಾಡಿಸಿ, ಊಟದ ಯಜಮಾನರು ನೀವಲ್ಲವಾ?"

"ನಿಮ್ಮ ಹೆಸರಿಗೆ ಮಾಡಿಸಿದರೆ ಎಂತ?"

"ನಂಗೆ ಊರಲ್ಲಿ ಒಂದು ಮರ್ಯಾದೆ ಉಂಟು," ಎಂದರು ಲಿಂಗಪ್ಪ.

ಮಾಬ್ಲೇಶ್ವರನ ಹೆಂಡತಿ ಗಂಗಿ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಕೊನೆಯ ದಿನಗಳಲ್ಲಿ ಅವನ ಕೈ ಹಿಡಿದು, "ಬಂಗಾರಿ ಮದುವೆಲಿ ಎಂತದಕ್ಕೂ ತಕರಾರು ಮಾಡಬೇಡಿ," ಎಂದು ಮಾತು ತೆಗೆದುಕೊಂಡಿದ್ದಳು. ಅವಳ ಬೂದಿಯನ್ನು ಗೋಕರ್ಣದ ಕಡಲಿಗೆ ಬಿಟ್ಟ ದಿನ ಅವನು ತಾನಾಗಿ ಇನ್ನೊಂದು ಮಾತು ಕೊಟ್ಟಿದ್ದ: ವರ್ಷದ ಕಾರ್ಯ ಮುಗಿಯುವವರೆಗೆ ಬಾಯಿಗೆ ಮೈಲಿಗೆ ಸೋಂಕಿಸುವುದಿಲ್ಲ. ಒಂದು ಮಾತು ಬದುಕಿದ್ದವಳಿಗೆ ಕೊಟ್ಟದ್ದು, ಇನ್ನೊಂದು ಸತ್ತವಳಿಗೆ. ಎರಡೂ ಒಂದೇ ಮೇಜಿನ ಮೇಲೆ ಎದುರುಬದುರಾಗುತ್ತವೆಂದು ಅವನಿಗೆ ಆಗ ತೋರಲಿಲ್ಲ. ಕುಡುಕನೆಂದು ಕಾಗದದಲ್ಲಿ ಬರೆಸಿಕೊಂಡರೆ ಬಾಯೇನೂ ಮೈಲಿಗೆಯಾಗುವುದಿಲ್ಲವಲ್ಲ ಎಂದುಕೊಂಡು ರುಜು ಹಾಕಿದ. ಪರ್ಮಿಟ್ ಒಬ್ಬನ ಹೆಸರಿಗೆ. ಅದರಿಂದ ಕುಡಿಯುವವರು ಎಷ್ಟು ಮಂದಿ ಎಂದು ವಿಚಾರಿಸಬೇಕಾದ ದೊಡ್ಡವರನ್ನು ಲಿಂಗಪ್ಪ ಮೊದಲೇ ಊಟಕ್ಕೆ ಕರೆದಿದ್ದರು.

ಮದುವೆಗೆ ನಾಲ್ಕು ದಿನವಿರುವಾಗ ಹೋಟೆಲಿನ ಮಾಲೀಕ ಮಹಾಗಣಪತಿ ಅವನನ್ನು ಕುಮಟೆಗೆ ಕರೆಸಿದ. ಈ ಮಹಾಗಣಪತಿ ಬೊಂಬಾಯಿಯ ದೊರೆಗಳ ಹೋಟೆಲಿನಲ್ಲಿ ಹನ್ನೆರಡು ವರ್ಷ ಇದ್ದು ಬಂದವನು. ಅಲ್ಲಿ ಯಾವ ಕೆಲಸದಲ್ಲಿದ್ದನೆಂದು ಅವನು ಹೇಳುತ್ತಿರಲಿಲ್ಲ. ನೀರಿನಲ್ಲಿ ನೆನೆದು ಬೆಳ್ಳಗಾದ ಬೆರಳುಗಳನ್ನು ನೋಡಿದವರು ಕೇಳುತ್ತಲೂ ಇರಲಿಲ್ಲ. ಮಾಳಿಗೆಯ ಮೇಜುಗಳ ಮೇಲೆ ಅವನು ಸೀಮೆಸುಣ್ಣದಿಂದ ಗೆರೆ ಎಳೆದು ಮುಳ್ಳು ಚಮಚೆ ಎಡಕ್ಕೆ, ಗ್ಲಾಸು ಬಲಕ್ಕೆ ಎಂದು ಗುರುತು ಮಾಡಿದ್ದ. ಬಡಿಸುವ ದೇವುವಿಗೆ ಚೈತ್ರದ ಸೆಕೆಯಲ್ಲಿ ಬಿಳಿಯ ಕೈಗವಸು ಹಾಕಿಸಿದ್ದ. ಕೈ ಬೆವತು ದೇವು ಹಿಡಿದದ್ದೆಲ್ಲ ಜಾರುತ್ತಿತ್ತು.

"ಮಾಬ್ಲೇಶ್ವರಣ್ಣ, ದೇವು ಬಾಟಲಿಯನ್ನು ಮೊದಲು ನಿಮಗೆ ತೋರಿಸ್ತಾನೆ. ನೀವು ಅದರ ಚೀಟಿ ಓದಬೇಕು."

"ನಂಗೆ ಇಂಗ್ಲಿಷು ಬರೂದಿಲ್ಲ ಮಾರಾಯ."

"ಓದಿದ ಹಾಗೆ ನೋಡಿದರೆ ಸಾಕು. ಬೊಂಬಾಯಿಯಲ್ಲೂ ಅರ್ಧ ಜನ ಹಾಗೇ ಮಾಡೂದು. ಆಮೇಲೆ ನಿಮ್ಮ ಗ್ಲಾಸಿಗೆ ಒಂದು ಗುಟುಕು ಹಾಕ್ತಾನೆ. ಮೂಸಬೇಕು, ಕುಡಿಯಬೇಕು, ತಲೆ ಆಡಿಸಬೇಕು. ಅದಾದ ಮೇಲೇ ಉಳಿದವರಿಗೆ."

"ಕರೆದವರಿಗೆ ಬಡಿಸುವ ಮೊದಲು ಯಜಮಾನ ಬಾಯಿ ಹಾಕೂದಾ? ನಮ್ಮಲ್ಲಿ ನಾಯಿ ಹಾಗೆ ಮಾಡಿದರೆ ಪಾತ್ರೆಯನ್ನೇ ಹೊರಗೆ ಹಾಕ್ತಾರೆ."

"ಅದು ಸ್ಟ್ಯಾಂಡರ್ಡ್ ಅಣ್ಣ. ಸರ್ವಿಸು ಅಂದರೆ ಹಾಗೇ. ಯಜಮಾನನೇ ಅಲ್ಲಿ ದೇವರು. ಒಮ್ಮೆ ಒಬ್ಬ ದೊರೆ ಬರೀ ಮೂಸಿ, ಹಿಡಿಸಲಿಲ್ಲ ಅಂತ ಗ್ಲಾಸು ಆಚೆ ತಳ್ಳಿದ. ಬಾಟಲಿ ವಾಪಸು ಹೋತು. ಯಾಕೆ ಅಂತ ಕೇಳೂ ಹಾಗಿಲ್ಲ. ಮ್ಯಾನೇಜರು ಬಗ್ಗಿ ಮಾಫಿ ಕೇಳಿದ. ಅಂಥಾ ದಿನ ಈ ಕುಮಟೆಲಿ ಯಾವಾಗ ಬರ್ತದೋ."

ಮಾಬ್ಲೇಶ್ವರ ಹೊನ್ನಾವರಕ್ಕೆ ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತ. ಕುಡಿದರೆ ಗಂಗಿಯ ಬೂದಿಯ ಮೇಲೆ ಆಡಿದ ಮಾತು ಸುಳ್ಳಾಗುತ್ತದೆ. ಒಲ್ಲೆನೆಂದರೆ ಬೀಗರ ಮುಖ ಕೆಡುತ್ತದೆ, ಆ ಕೆಟ್ಟ ಮುಖವನ್ನು ಬಂಗಾರಿ ಜೀವಮಾನವಿಡೀ ನೋಡಬೇಕಾಗುತ್ತದೆ. ದೇವರೇ, ಯಾವುದಾದರೂ ಒಂದನ್ನು ನೀನೇ ನಿಭಾಯಿಸು ಎಂದು ಬೇಡಿಕೊಂಡ.

ಊಟದ ದಿನ ಕೆಳಗಿನ ಅಂಗಳದಲ್ಲಿ ಮುನ್ನೂರು ಮಂದಿಗೆ ಬಾಳೆ ಎಲೆ ಬಿತ್ತು. ಅವರಿಗೆ ಕುಡಿಯಲು ಮುರುಗಲ ಹಣ್ಣಿನ ಕೆಂಪು ಪಾನಕ. ಮಾಳಿಗೆಯ ಉದ್ದ ಮೇಜಿನಲ್ಲಿ ಎಂಟು ಮಂದಿ: ಲಿಂಗಪ್ಪ, ಪಾಂಡುವಿನ ಸಾಹೇಬರು, ಐದು ಮಂದಿ ಅಧಿಕಾರಿಗಳು, ಮತ್ತು ಯಜಮಾನ. ನೆಂಟರಿಗೆ ಉಣಿಸದೆ ತಾನು ಉಣ್ಣುವ ಪದ್ಧತಿ ಇಲ್ಲದ ಯಜಮಾನ ಖಾಲಿ ತಟ್ಟೆಯ ಮುಂದೆ ಕೈಕಟ್ಟಿ ಕುಳಿತಿದ್ದ.

ದೇವು ಬಾಟಲಿ ತಂದ. ಏಳು ಕುತ್ತಿಗೆಗಳು ಅದರ ಹಿಂದೆಯೇ ತಿರುಗಿದವು. ಮಾಬ್ಲೇಶ್ವರ ಬಾರದ ಅಕ್ಷರಗಳನ್ನು ಮೇಲಿಂದ ಕೆಳಗೆ ನೋಡಿದ. ಗ್ಲಾಸಿನ ತಳಕ್ಕೆ ಕೆಂಪು ಬಿತ್ತು.

"ಬೇಗ ಆಗಲಿ ಬೀಗರೇ," ಎಂದರು ಲಿಂಗಪ್ಪ. "ಸಾಹೇಬರಿಗೆ ಬಾಯಾರಿಕೆ."

ಅವನು ಗ್ಲಾಸು ಎತ್ತಿ ಮೂಗಿನ ಹತ್ತಿರ ಹಿಡಿದ. ಗಂಗಿಯ ಬೆರಳುಗಳು ಮೊಣಕೈ ಹಿಡಿದಂತಾಯಿತು, ಕುಡಿಯಿರಿ ಎಂದೋ ಬೇಡ ಎಂದೋ ತಿಳಿಯಲಿಲ್ಲ. ಗ್ಲಾಸನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಆಚೆ ತಳ್ಳಿದ.

"ನಂಗೆ ಹಿಡಿಸಲಿಲ್ಲ."

ಲಿಂಗಪ್ಪನವರ ಕಿವಿ ಕೆಂಪಾಯಿತು. "ನಿಮಗೆ ಇದರ ಗುಣ ಎಂತ ಗೊತ್ತು?"

"ಹಾಗೆ ಹೇಳಬೇಡಿ," ಎಂದರು ಹಿರಿಯ ಅಧಿಕಾರಿ. "ಇವರ ಕಾಗದ ನನ್ನ ಕೈಮೇಲೇ ಹೋಗಿದೆ. ಮೂವತ್ತು ವರ್ಷದ ಅಭ್ಯಾಸ ಅಂತ ಡಾಕ್ಟರು ಬರೆದಿದ್ದಾರೆ. ಇವರಿಗೆ ಗೊತ್ತಿಲ್ಲದಿದ್ದರೆ ಈ ತಾಲೂಕಿನಲ್ಲಿ ಮತ್ತೆ ಯಾರಿಗೆ ಗೊತ್ತು?"

ಪಾಂಡುವಿನ ಸಾಹೇಬರು ಕುರ್ಚಿಗೆ ಒರಗಿದರು. ಅವರು ಬೊಂಬಾಯಿಯಲ್ಲಿ ಯಾವ ಸಂದಿಯಲ್ಲಿ ಏನು ಕುಡಿಯುತ್ತಿದ್ದರೋ, ಇಂಥ ಬಾಟಲಿಯನ್ನು ಕಂಡದ್ದು ಅದೇ ಮೊದಲು. "ನನಗೆ ಇಲ್ಲಿಗೇ ವಾಸನೆ ಬಂತು," ಎಂದರು. "ಕಡಲ ಗಾಳಿಗೆ ಕೆಟ್ಟಿದೆ."

ಆಮೇಲೆ ಎಲ್ಲರಿಗೂ ವಾಸನೆ ಬಂತು. ಒಬ್ಬರು ಹುಳಿ ಎಂದರು, ಒಬ್ಬರು ಒಗರು ಎಂದರು. ಲಿಂಗಪ್ಪ ತಾವೊಬ್ಬರೇ ಹಳ್ಳಿಯವರಾಗಿ ಉಳಿಯುವ ಹೆದರಿಕೆಯಲ್ಲಿ ಕರವಸ್ತ್ರವನ್ನು ಮೂಗಿಗೆ ಹಿಡಿದರು. ಎರಡನೆಯ ಬಾಟಲಿ ಬಂತು. ಯಜಮಾನ ಅದನ್ನೂ ಮೂಸಿ ತಳ್ಳಿದ. ಮೂರನೆಯದು ಇರಲಿಲ್ಲ.

ಮಹಾಗಣಪತಿ ಓಡಿ ಬಂದು ನಡು ಬಗ್ಗಿಸಿ ಮಾಫಿ ಕೇಳಿದ. ಕಣ್ಣಲ್ಲಿ ನೀರು ಬಂದಿತ್ತು, ಸಂತೋಷದ್ದು. ಕುಮಟೆಯ ಹೋಟೆಲಿನಲ್ಲಿ ಎರಡೆರಡು ಬಾಟಲಿ ವಾಪಸಾಗಿದ್ದವು. ಕೆಳಗಿನಿಂದ ಮುರುಗಲ ಪಾನಕ ತರಿಸಿ ಆ ಗ್ಲಾಸುಗಳಿಗೇ ಹುಯ್ಯಿಸಿದ. ದೊಡ್ಡವರು ಗ್ಲಾಸಿನ ಕಾಲು ಹಿಡಿದು, ಒಬ್ಬರ ಮುಖ ಒಬ್ಬರು ನೋಡುತ್ತ, ಗುಟುಕು ಗುಟುಕಾಗಿ ಕುಡಿದರು. ವಾಪಸಾದ ಬಾಟಲಿಗಳು ಅಡಿಗೆಯ ಮನೆಯಲ್ಲಿ ಎಲ್ಲರಿಗೂ ಹಿಡಿಸಿದವೆಂದು, ಕೊನೆಗೆ ಮೊಸರು ತಂದ ದೇವುವಿನ ನಡಿಗೆಯೇ ಹೇಳುತ್ತಿತ್ತು.

ಹೋಗುವಾಗ ಲಿಂಗಪ್ಪ ಬೀಗರ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಮರ್ಯಾದೆ ಉಳಿಸಿದಿರಿ. ಕೆಟ್ಟದ್ದನ್ನು ಸಾಹೇಬರಿಗೆ ಕುಡಿಸಿದ್ದರೆ ಎಂತ ಗತಿ," ಎಂದರು.

ಎಲ್ಲರೂ ಹೋದ ಮೇಲೆ ಮಾಬ್ಲೇಶ್ವರ ಅಂಗಳಕ್ಕಿಳಿದು ಒಂದು ಎಲೆಯ ಮುಂದೆ ಕುಳಿತ. ಬಂಗಾರಿ ತಾನೇ ಬಡಿಸುತ್ತೇನೆಂದು ಅನ್ನದ ಪಾತ್ರೆ ಹಿಡಿದು ಬಂದಳು. ಹೊಸ ಬಳೆಗಳು ಪಾತ್ರೆಗೆ ತಾಗುತ್ತಿದ್ದವು.

"ಅಪ್ಪ, ಮೇಲೆ ಎಲ್ಲರದೂ ಅದೇ ಮಾತು. ನಿಮಗೆ ಎಂತ ವಾಸನೆ ಬಂತು?"

"ಎಂತದೂ ಇಲ್ಲ ಮಗಾ. ನಿನ್ನ ಅವ್ವ ಹೋದಾಗಿಂದ ಅತ್ತೂ ಅತ್ತೂ ನಂಗೆ ಮೂಗೇ ಕಟ್ಟಿಹೋಗಿದೆ. ಊದುಬತ್ತಿಯ ವಾಸನೆಯೂ ತಿಳಿಯೂದಿಲ್ಲ."

"ಹಾಗಾದರೆ ಹಿಡಿಸಲಿಲ್ಲ ಅಂದದ್ದು?"

"ಹಿಡಿಸಲಿಲ್ಲವಲ್ಲ. ಅದು ಸುಳ್ಳಾ?"

ಬಂಗಾರಿ ಸೆರಗಿನಿಂದ ಕಣ್ಣೊರೆಸಿಕೊಂಡು ಸಾರಿನ ಸೌಟು ಎತ್ತಿದಳು. "ಮೂಗು ಕಟ್ಟಿದವರಿಗೆ ಸಾರಿನ ರುಚಿಯಾದರೂ ಹೇಗೆ ಗೊತ್ತಾಗ್ತದೆ?"

"ಹಾಕು," ಎಂದ ಮಾಬ್ಲೇಶ್ವರ. "ಬಿಸಿ ಇದ್ದರೆ ಸಾಕು."