ಹಿಡಿ ಮಣ್ಣು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತವರೆಲ್ಲ ಬೇಸ್‌ಬಾಲ್ ಆಟಗಾರರು, ಒಬ್ಬೊಬ್ಬನ ಭುಜವೂ ಬಾಗಿಲಷ್ಟೇ ಅಗಲ. ಮಗಳೇ ಮುಂದೆ ಬಂದು, ಒಂದು ಕಡೆಯವರನ್ನು ತುಸು ಬಗ್ಗಿಸಿ ಅಪ್ಪನನ್ನು ಹೊರಗೆ ದಾಟಿಸಿದಳು.

"ಬದುಕಿಡೀ ನುಸುಳೋದು ಕಲಿಸಿದ ನಮ್ಮಣ್ಣ, ಕೊನೆಗೆ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡ ನೋಡು," ಎಂದು ಸೋದರತ್ತೆ ಅಳುತ್ತಲೇ ನಕ್ಕಳು.

ಅವನ ಕೆಲಸವೇ ಅದಾಗಿತ್ತು. ಓಡಿ ಬಂದವನು ಎದುರಾಳಿಯ ಕೈಗೆ ಸಿಗದೆ, ನೆಲದ ಮೇಲೆ ಜಾರಿ ಬೇಸ್ ಎಂಬ ಗುರಿಚೌಕ ಮುಟ್ಟುವುದು ಹೇಗೆಂದು ಊರ ತಂಡಕ್ಕೆ ಕಲಿಸುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಅವನು ಮೈದಾನದ ಅಂಚಿಗೆ ಕುರ್ಚಿ ಹಾಕಿಕೊಂಡು ಕೂತ, ಮಗಳು ಕಲಿಸಿದಳು. ಇನ್ನು ಮುಂದೆಯೂ ತಾನೇ ಕಲಿಸಬೇಕೆಂಬುದು ಅವಳ ಜೀವದಾಸೆ. ಬೆಳಿಗ್ಗೆ ಹೂವು ತಂದಿದ್ದ ಕ್ಲಬ್ಬಿನ ಕಾರ್ಯದರ್ಶಿ, ಅವನೂ ಅಪ್ಪನ ಹಳೆಯ ಶಿಷ್ಯನೇ, ಅದಕ್ಕೆ ಮೆಲ್ಲಗೆ ಅಡ್ಡಗಾಲು ಹಾಕಿದ್ದ. ಹೊರಗಿನವರನ್ನು ಕರೆಸುತ್ತೇವೆ, ಅಪ್ಪ ಪಕ್ಕದಲ್ಲಿದ್ದರು ಅಂತ ಹುಡುಗರು ನಿನ್ನ ಮಾತು ಕೇಳಿದರು, ಇನ್ನು ಕೇಳಲಾರರು ಎಂದಿದ್ದ. ಅವಳಿಗೆ ಮೈಯೆಲ್ಲ ಉರಿದಿತ್ತು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಹೂವು ತೆಗೆದುಕೊಂಡು ಒಳಗೆ ಹೋಗಿದ್ದಳು.

ಗುಂಡಿಯ ಬಳಿ ನೆಂಟರೆಲ್ಲ ಹಿಡಿ ಹಿಡಿ ಮಣ್ಣು ಹಾಕಿದರು. ಆಮೇಲೆ ಆಟಗಾರರ, ಹಳೆಯ ಶಿಷ್ಯರ ಸರದಿ. ಬಗ್ಗಿ ಮಣ್ಣು ತೆಗೆದುಕೊಂಡರು, ಮುಷ್ಟಿ ಬಿಗಿದು ಎದೆಮಟ್ಟಕ್ಕೆ ಎತ್ತಿದರು, ಹಾಗೇ ನಿಂತುಬಿಟ್ಟರು. ಒಬ್ಬನೂ ಹಾಕಲಿಲ್ಲ. ಗುಂಡಿ ತೋಡಿದವನು ಸಲಿಕೆ ಊರಿಕೊಂಡು ಮಿಕಿಮಿಕಿ ನೋಡಿದ.

"ಇವರಿಗೇನಾಯ್ತೇ?" ಅತ್ತೆ ಪಿಸುಗುಟ್ಟಿದಳು.

*

ಅಪ್ಪನ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಹರೆಯದಲ್ಲಿ ಜಾರುವಾಗ ಅಂಗೈ ಊರಿ ಮುರಿದುಕೊಂಡಿದ್ದ. ಹೊಸಬರಿಗೆ ಮೊದಲ ಪಾಠವೇ ಆ ಬೆರಳು. ಆಮೇಲೆ ಎರಡೂ ಕೈಗೆ ಮಣ್ಣು ಕೊಡುತ್ತಿದ್ದ. ಮುಷ್ಟಿ ತುಂಬಿದ್ದರೆ ಬೆರಳು ನೆಲಕ್ಕೆ ಚಾಚುವುದಿಲ್ಲ.

"ಹಾರಬೇಡ, ಓಡ್ತಾ ಓಡ್ತಾನೇ ಕೂತ್ಕೋ. ಒಂದು ಕಾಲು ಮಡಚು, ಕೈ ಮೇಲಿರ್ಲಿ. ಬಿಡು ಅನ್ನೋವರೆಗೂ ಮಣ್ಣು ಬಿಡಬೇಡ."

ಮೊದಲೇ ಚೆಲ್ಲಿದವನು ಮತ್ತೆ ಓಡಬೇಕು. ಹೀಗಾಗಿ ಆ ಮಾತಿಗೆ ಕಾಯುವುದು ಎಲ್ಲರಿಗೂ ಮೈಗೂಡಿಹೋಗಿತ್ತು. ಮಗಳು ಮೊದಲ ಸಲ ಕಲಿಸಿದ ದಿನ ಜಾರಿ ಬಂದವರು ಕುರ್ಚಿಯ ಕಡೆ ನೋಡಿದ್ದರು. ಅಪ್ಪ ಬೇಕೆಂದೇ ಆಕಾಶ ನೋಡುತ್ತ ಕೂತಿದ್ದ.

*

ಈಗ ಅವರ ಕಣ್ಣೆಲ್ಲ ಪೆಟ್ಟಿಗೆಯ ಮೇಲಿತ್ತು. ಇನ್ನು ಆ ದನಿ ಕೇಳುವುದಿಲ್ಲ ಎಂಬುದು ಮಗಳಿಗೆ ಆಗಲೇ ನಿಜವಾಗಿ ತಟ್ಟಿತು. ಗೋಳೋ ಎಂದು ಅತ್ತುಬಿಡಬೇಕು ಅನ್ನಿಸಿತು. ಅದನ್ನು ನುಂಗಿಕೊಂಡು, ಮೈದಾನದಲ್ಲಿ ಹೇಳುವಂತೆಯೇ ಹೇಳಿದಳು.

"ಬಿಡಿ."

ಮುಷ್ಟಿಗಳೆಲ್ಲ ಒಟ್ಟಿಗೇ ಬಿಚ್ಚಿದವು. ಪೆಟ್ಟಿಗೆಯ ಮೇಲೆ ಮಣ್ಣು ದಬದಬನೆ ಬಿತ್ತು. ಅವಳು ತಿರುಗಿ ನೋಡಿದಳು. ಎಲ್ಲರಿಗಿಂತ ಹಿಂದೆ, ಗುಂಡಿಯಿಂದ ದೂರದಲ್ಲಿ ನಿಂತಿದ್ದ ಕಾರ್ಯದರ್ಶಿಯ ಕೈಯೂ ಬಿಚ್ಚಿಕೊಂಡಿತ್ತು. ಪಾಲಿಶ್ ಮಾಡಿದ ಅವನ ಬೂಟುಗಳ ಮೇಲೆಲ್ಲ ಮಣ್ಣು.