ಮೆಟ್ಟಿಲ ಕೆಳಗಿನ ಉಸುಕು

ಯಲ್ಲಕ್ಕ ತನ್ನ ಕೈಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಚೀಲದ ತಳದಿಂದ ಹನಿ ಬೀಳುತ್ತಿತ್ತು.

"ಮಧುಮತಿ, ನೋಡ ಬಾ ಇಲ್ಲೆ. ನಿಮ್ಮ ಬೆಕ್ಕಿನ ಕೆಲಸ. ಬೀಳಗಿಯಿಂದ ಒಂದ ಸೀರಿ ತಂದಿದ್ದೆ, ಅದೂ ತೋದೈತಿ."

ನಡುಮನೆಯಲ್ಲಿ ಯಲ್ಲಕ್ಕನ ಅಣ್ಣ ಗಿರಿಮಲ್ಲಪ್ಪ ಗೋಡೆಗೆ ಒರಗಿ ಕೂತಿದ್ದರು. ನಸುಕಿನಲ್ಲಿ ಜೀವ ಹೋಗಿತ್ತು. ಹಣೆಯ ತುಂಬ ವಿಭೂತಿ ಬಳಿದು, ಹೊಸ ಧೋತರ ಉಡಿಸಿ, ಕೂತ ಮೈ ವಾಲದಂತೆ ಎದೆಗೊಂದು ಶಲ್ಯ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಅಂಗಳದಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು. ಜಮಖಂಡಿಯ ಆ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮಗ ಗುರುಸಿದ್ದನಿಗೆ ಬೆಳಗಿನಿಂದ ಫೋನು ಮಾಡಿ ಮಾಡಿ ಗಂಟಲು ಬಿದ್ದಿತ್ತು. "ಆ ಗುಂಡ್ಯಾನ್ನ ಚೀಲದಾಗ ಹಾಕಿ ಸಂತಿ ಕಡೆ ಬಿಟ್ಟ ಬರಾಕ ಯಾರಿಗಾರ ಹೇಳತೇನಿ. ಅಪ್ಪನ ಸಲುವಾಗಿ ಇಷ್ಟ ದಿನ ತಡಕೊಂಡಿದ್ದೆ" ಎಂದ.

"ಕುಂಟ ಬೆಕ್ಕ ಸಂತ್ಯಾಗ ಒಂದ ದಿನಾನೂ ಉಳಿಯೂದಿಲ್ರಿ," ಎಂದಳು ಅವನ ಹೆಂಡತಿ ಮಧುಮತಿ. "ಎರಡ ವರ್ಷದಿಂದ ಉಸುಕ ಬಿಟ್ಟ ಎಲ್ಲೂ ಮಾಡಿಲ್ಲ. ಇವತ್ತ ಯಾಕ ಮಾಡಿತು ನೋಡೂನು, ತಡೀರಿ."

ಯಲ್ಲಕ್ಕನ ಸೀರೆಯನ್ನು ನೀರಿನಲ್ಲಿ ನೆನೆಹಾಕಿ ಅವಳು ಮೆಟ್ಟಿಲ ಕೆಳಗೆ ಹೋದಳು. ಉಸುಕಿನ ಟಬ್ಬು ಕಾಣುತ್ತಲೇ ಇರಲಿಲ್ಲ. ಬಾಡಿಗೆಗೆ ತಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮುಂದೆ ನಿಲ್ಲಿಸಿದ್ದರು. ಬಂದವರು ಬಿಟ್ಟ ಚಪ್ಪಲಿಗಳು ಉಸುಕಿನ ಮೇಲೂ ಬಿದ್ದಿದ್ದವು. ಮಧುಮತಿ ಕುರ್ಚಿಗಳನ್ನು ಆಚೆ ಎಳೆದಳು, ಚಪ್ಪಲಿಗಳನ್ನು ಬಾಗಿಲ ಹೊರಗೆ ಜೋಡಿಸಿದಳು, ಉಸುಕನ್ನು ಕೈಯಿಂದ ಸಮ ಮಾಡಿ ಬೆನ್ನು ತಿರುಗಿಸಿ ನಿಂತಳು. ಮಂಚದ ಕೆಳಗಿನಿಂದ ಗುಂಡ್ಯಾ ಕುಂಟುತ್ತ ಬಂದ. ಸ್ವಲ್ಪ ಹೊತ್ತಿಗೆ ಪರಪರ ಕೆರೆಯುವ ಸದ್ದು ಕೇಳಿಸಿತು.

*

ಎರಡು ವರ್ಷದ ಹಿಂದೆ ಮಧುಮತಿಗೆ ಇಷ್ಟು ತಾಳ್ಮೆ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ಹಿಂಗಾಲು ಮುರಿದಿದ್ದ ಮರಿಯನ್ನು ಮಾವ ಎತ್ತಿಕೊಂಡು ಬಂದು, ಕಡ್ಡಿ ಕಟ್ಟಿ ಬದುಕಿಸಿದ್ದರು. ಅದಕ್ಕೆ ಗೋಡೆ ಹಾರಲು ಬರುವುದಿಲ್ಲವೆಂದು ಒಡೆದ ಟಬ್ಬಿನಲ್ಲಿ ಉಸುಕು ತುಂಬಿ ಬಚ್ಚಲ ಪಕ್ಕದಲ್ಲಿಟ್ಟಿದ್ದರು. ಆರು ತಿಂಗಳು ಅದು ಅಲ್ಲೇ ಹೋಗುತ್ತಿತ್ತು. ಒಮ್ಮೆಲೇ ಬಿಟ್ಟಿತು. ಒಗೆದ ಬಟ್ಟೆಯ ಮೇಲೆ ಒಂದು ದಿನ, ಜೋಳದ ಚೀಲದ ಮೇಲೆ ಮತ್ತೊಂದು ದಿನ. ಗುರುಸಿದ್ದ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಹೋದ.

"ಒಂದ ದಿನಾ ತಡೀರಿ. ನಾ ನೋಡತೇನಿ" ಎಂದರು ಗಿರಿಮಲ್ಲಪ್ಪ.

ಊಟ ಮುಗಿಸಿ ಒಂದು ಸ್ಟೂಲು ಹಾಕಿಕೊಂಡು ಬಚ್ಚಲ ಎದುರಿಗೆ ಕೂತರು. ಎರಡಾಯಿತು, ಮೂರಾಯಿತು. ಮಧುಮತಿಗೆ ಒಳಗೊಳಗೇ ನಗು. ನಾಲ್ಕಕ್ಕೆ ಅವಳು ಹೊಸ ವಾಷಿಂಗ್ ಮಷೀನು ಚಾಲೂ ಮಾಡಿದಳು. ಅದೇ ಹೊತ್ತಿಗೆ ಬೆಕ್ಕು ಬಂದು ಉಸುಕಿನಲ್ಲಿ ಒಂದು ಕಾಲಿಟ್ಟಿತ್ತು. ಮಷೀನು ಗಡಗಡ ನಡುಗಿದ್ದೇ ತಡ, ಕಿವಿ ಹಿಂದೆ ಮಾಡಿ ಓಡಿತು.

"ನೋಡಿದಿ ಮಗಳ? ನಿನ್ನ ಮಷೀನಿಗೆ ಹೆದರತೈತಿ. ಮತ್ತ ಈ ಟಬ್ಬ ಯಾತರ್ಲೆ ತೊಳದಿ?"

"ಫಿನೈಲ್‌ಲೆ, ಮಾಮಾ. ಸ್ವಚ್ಛ ಆಗ್ಲಿ ಅಂತ."

"ಆ ವಾಸನಿ ನನಗ ಇಲ್ಲಿತನಕ ಬಡೀತೈತಿ. ಅದರ ಮೂಗಿಗೆ ಹೆಂಗಾಗಬೇಕು?"

ಟಬ್ಬನ್ನು ಬರೀ ನೀರಿನಲ್ಲಿ ತೊಳೆದು, ಹೊಸ ಉಸುಕು ಹಾಕಿ, ಮೆಟ್ಟಿಲ ಕೆಳಗಿನ ಮೂಲೆಗೆ ಒಯ್ದಿಟ್ಟರು. ಆ ಸಂಜೆಯಿಂದ ಮನೆ ಒಣಗಿತು.

*

ಹನ್ನೊಂದರ ಹೊತ್ತಿಗೆ ಬಾಡಗಂಡಿಯ ರೈತ ಜಕ್ಕಪ್ಪ ಬಂದ. ಹೆಗಲ ಕಂಬಳಿ ತೆಗೆದಿಟ್ಟು, ಕೂತ ಗಿರಿಮಲ್ಲಪ್ಪನ ಪಾದಕ್ಕೆ ಹಣೆ ಹಚ್ಚಿ, ಯಲ್ಲಕ್ಕನ ಪಕ್ಕದಲ್ಲಿ ಕುಳಿತ.

"ಮೂವತ್ತ ವರ್ಷ ಬೀಳಗಿ ದನದ ದವಾಖಾನ್ಯಾಗ ಇದ್ರು," ಎಂದ. "ಡಾಕ್ಟರೇ ಅಂತ ಕರದ್ರ, ನಾ ಡಾಕ್ಟರ ಅಲ್ಲೋ, ಕಂಪೌಂಡರ ಅಂತಿದ್ರು. ನನ್ನ ಎತ್ತ ಎರಡ ದಿನ ನೀರ ಮುಟ್ಟಿರಲಿಲ್ಲ. ಸೂಜಿ ಮಾಡಿಸಿದ್ರೂ ಇಲ್ಲ. ಇವರ ಬಂದ್ರು, ಬೀಡಿನೂ ಸೇದಲಿಲ್ಲ, ಚಾನೂ ಕುಡೀಲಿಲ್ಲ, ಸುಮ್ಮನ ನೋಡಕೋತ ಕುಂತ್ರು. ನಾ ಕೊಟಗಿಗೆ ಹೊಸಾ ತಗಡ ಹಾಕಿಸಿದ್ದೆ. ಅದರ ಹೊಳಪ ನೀರಿನ ತೊಟ್ಟ್ಯಾಗ ಬೀಳತಿತ್ತು. ತಗಡಿನ ಮ್ಯಾಲ ಒಂದ ಗೋಣಿತಟ್ಟ ಹೊಚ್ಚಿದ್ರು. ಎತ್ತ ಗಟಗಟ ಕುಡೀತು."

ಕೇಳಿದವರು ಸಣ್ಣಗೆ ನಕ್ಕರು. ಯಲ್ಲಕ್ಕನೂ ನಕ್ಕು ಕಣ್ಣೊರೆಸಿಕೊಂಡಳು. ಮಧುಮತಿ ತಂದ ಚಹಾ ಮಾತ್ರ ಬೇಡವೆಂದಳು. ಜಕ್ಕಪ್ಪ ಎದ್ದುಹೋದ ಮೇಲೆ ಮಧುಮತಿಯ ಕಿವಿಗೆ ಬಾಗಿ ಕೇಳಿದಳು.

"ಕಡೀಕ ಹಾಸಿಗ್ಯಾಗ ಭಾಳ ಹೊಲಸ ಮಾಡಕೊಂಡನಂತ ಖರೆ ಏನವ್ವ? ಗುರುಸಿದ್ದ ಫೋನಿನ್ಯಾಗ ಅಂದಿದ್ದ."

*

ಗಿರಿಮಲ್ಲಪ್ಪನಿಗೆ ಸೊಂಟದ ಎಲುಬು ಮುರಿದದ್ದು ನಾಲ್ಕು ತಿಂಗಳ ಹಿಂದೆ. ನಡುಮನೆಯಲ್ಲೇ ಮಂಚ ಹಾಕಿ, ನಡುವೆ ತೂತಿದ್ದ ಒಂದು ಕುರ್ಚಿಯನ್ನು ಪಕ್ಕದಲ್ಲಿಟ್ಟರು. ಮಂಚದಿಂದ ಜರುಗಿದರೆ ಸಾಕು, ಕುರ್ಚಿ. ಮೂರು ದಿನ ಬಳಸಿದರು. ನಾಲ್ಕನೆಯ ದಿನದಿಂದ ಹಾಸಿಗೆ ತೋಯತೊಡಗಿತು.

"ಕುರ್ಚಿ ಮಗ್ಗಲ್ದಾಗ ಐತಿ. ಬೇಕಂತ ಮಾಡಾಕತ್ತಾರ" ಎಂದ ಗುರುಸಿದ್ದ. ದೊಡ್ಡವರ ಡೈಪರ್ ತಂದ. ಗಿರಿಮಲ್ಲಪ್ಪ ಅದನ್ನು ನೋಡಿ ಗೋಡೆಯ ಕಡೆ ಮುಖ ಮಾಡಿದರು. ಎರಡು ದಿನ ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು.

ಮೂರನೆಯ ದಿನ ಮಧುಮತಿ ಅಡುಗೆಮನೆಯ ಬಾಗಿಲ ಮರೆಗೆ ಸ್ಟೂಲು ಹಾಕಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಳು. ಮಾವ ಒಮ್ಮೆ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಕಿಟಕಿಯಾಚೆ ಎದುರುಮನೆಯ ಟ್ಯೂಷನ್ನು ಬಿಟ್ಟು ಹುಡುಗಿಯರು ಗುಂಪಾಗಿ ಹೊರಬಂದರು. ಮಾವ ಕೈ ಬಿಟ್ಟು ಮಲಗಿದರು. ಇನ್ನೊಮ್ಮೆ ಎದ್ದಾಗ ಕಣ್ಣು ಅಡುಗೆಮನೆಯ ಕಡೆ ತಿರುಗಿತು. ಅಲ್ಲಿ ಸೊಸೆಯ ಸೆರಗು ಕಂಡಿತು. ಮತ್ತೆ ಮಲಗಿದರು.

ಮಧುಮತಿ ಬಿಡಿಸಿದ ಸೊಪ್ಪು ಎತ್ತಿಟ್ಟಳು. ಗಂಡ ಬಂದ ಕೂಡಲೇ ಮಂಚವನ್ನೂ ಕುರ್ಚಿಯನ್ನೂ ಒಳಕೋಣೆಗೆ ಹಾಕಿಸಿದಳು. ತನ್ನದೊಂದು ದಪ್ಪ ಸೀರೆಯನ್ನು ಹಗ್ಗಕ್ಕೆ ಇಳಿಬಿಟ್ಟು ಕುರ್ಚಿಯ ಸುತ್ತ ಮರೆ ಮಾಡಿದಳು. "ಬೆಳಿಗ್ಗೆ, ಸಂಜಿಗೆ ಒಳಗ ನೀವ ಹೋಗ್ರಿ. ನಾ ಬರೂದಿಲ್ಲ" ಎಂದು ಗುರುಸಿದ್ದನಿಗೆ ಹೇಳಿದಳು. ಅವನು ತಲೆಯಾಡಿಸಿದ.

ಮರುದಿನ ಹಾಸಿಗೆ ಒಣಗಿತ್ತು. ಗಂಜಿ ಕೊಡಲು ಹೋದಾಗ ಮಾವ ಕೇಳಿದರು: "ಮಗಳ, ನಿನ್ನೆ ಸ್ಟೂಲಿನ ಮ್ಯಾಲ ಎಷ್ಟೊತ್ತು ಕುಂತಿದ್ದಿ?"

"ಮಧ್ಯಾಹ್ನ ಪೂರ್ತಿ, ಮಾಮಾ."

ಗಿರಿಮಲ್ಲಪ್ಪ ನಕ್ಕರು. ಎರಡು ಬಟ್ಟಲು ಗಂಜಿ ಕುಡಿದರು.

*

"ಇಲ್ಲ ಅತ್ತಿ," ಎಂದಳು ಮಧುಮತಿ. "ಒಂದ ದಿನಾನೂ ತ್ರಾಸ ಕೊಡಲಿಲ್ಲ."

ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಗುರುಸಿದ್ದ ಅದನ್ನು ಕೇಳಿಸಿಕೊಂಡ. ತಲೆ ತಗ್ಗಿಸಿ, "ಇಲ್ಲ, ಕೊಡಲಿಲ್ಲ" ಎಂದ. ಬೆಕ್ಕನ್ನು ಚೀಲಕ್ಕೆ ಹಾಕುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮೂರು ಗಂಟೆಗೆ ಬಿದಿರು, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಗಿರಿಮಲ್ಲಪ್ಪ ಕೂತ ಹಾಗೆಯೇ ಹೊರಟರು. ಜಕ್ಕಪ್ಪ ಮುಂದೆ ಬಂದು ಹೆಗಲು ಕೊಟ್ಟ. ಕುಣಿಯಲ್ಲಿ ಅವರನ್ನು ಕುಳ್ಳಿರಿಸಿ, ಸುತ್ತ ವಿಭೂತಿ ಗಟ್ಟಿ ಪೇರಿಸಿ, ಎಲ್ಲರೂ ಒಂದೊಂದು ಹಿಡಿ ಮಣ್ಣು, ಬಿಲ್ವಪತ್ರಿ ಹಾಕಿದರು.

ಮನೆಗೆ ಮರಳಿದಾಗ ಇನ್ನೂ ಬೆಳಕಿತ್ತು. ಹಿತ್ತಲಲ್ಲಿ ಗಂಡಸರು ಕೈಕಾಲು ತೊಳೆಯುತ್ತ, ಮುಂದಿನ ಕಾರ್ಯದ ಮಾತಾಡುತ್ತ ನಿಂತಿದ್ದರು. ನೆರೆಮನೆಯವರು ರೊಟ್ಟಿ, ಬೇಳೆ ತಂದಿಟ್ಟರು. ಯಲ್ಲಕ್ಕ ನೀರಿನ ತಂಬಿಗೆಯನ್ನು ಮುಟ್ಟಲಿಲ್ಲ. ಕೂತಲ್ಲೇ ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ವಾಲುತ್ತಿದ್ದಳು. ಅವಳ ಕಣ್ಣು ಹಿತ್ತಲ ಬಾಗಿಲಿಗೆ ಹೋಗಿ, ಗಂಡಸರನ್ನು ಕಂಡು ಹಿಂದಕ್ಕೆ ಬರುತ್ತಿತ್ತು. ಬೆಳಿಗ್ಗೆ ಬೀಳಗಿಯಲ್ಲಿ ಬಸ್ಸು ಹತ್ತಿದವಳು ಆಮೇಲೆ ಹಿತ್ತಲಿಗೆ ಹೋಗಿಯೇ ಇರಲಿಲ್ಲ.

ಮಧುಮತಿ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಹಿತ್ತಲಿಗೆ ಹೋಗಿ, "ಎಲ್ಲಾರೂ ಮುಂದಿನ ಅಂಗಳಕ್ಕ ನಡೀರಿ, ಅಲ್ಲೇ ನೀರ ಇಟ್ಟೇನಿ" ಎಂದು ಗಂಡಸರನ್ನು ಕಳಿಸಿದಳು. ಬಂದು ಯಲ್ಲಕ್ಕನ ರಟ್ಟೆ ಹಿಡಿದಳು.

"ಏಳ್ರಿ ಅತ್ತಿ."

ಯಲ್ಲಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಹಿತ್ತಲ ಮೂಲೆಯ ಪಾಯಿಖಾನೆಯ ತಗಡಿನ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಒಳಗೆ ಏನೂ ಸದ್ದಿಲ್ಲ. ಮಧುಮತಿ ಬಾಗಿಲಿಗೆ ಬೆನ್ನು ಮಾಡಿ ನಿಂತು, ಪಕ್ಕದ ನಲ್ಲಿಯ ಕೆಳಗೆ ಖಾಲಿ ತಗಡಿನ ಬಕೆಟ್ಟು ಇಟ್ಟು ಪೂರ್ತಿ ತಿರುಗಿಸಿದಳು. ನೀರು ಢಣಢಣ ಬೀಳತೊಡಗಿತು. ಬಕೆಟ್ಟು ತುಂಬಿತು, ಅಂಚು ದಾಟಿ ಅವಳ ಪಾದದ ಮೇಲೆ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.